ಸಿಹಿರಸವನ್ನು ಕಾಯಿಸುವ ಒಲೆಯ ವಿಷಯವಾಗಿ ಒಂದು ಅರಿಕೆ

ಕಾಪುವಿನ ಕಡಲ ಕರೆಯಿಂದ ಹಿಡಿದು ಕಾರ್ಕಳದ ಆಚೆಗೆ ಘಟ್ಟದ ಬುಡದವರೆಗೂ ನಮ್ಮ ಸೀಮೆಯಲ್ಲಿ ಸಿಹಿರಸವನ್ನು ಕೊಡುವ ಮರಗಳಿಗೆ ಕೊರತೆಯಿಲ್ಲ. ಕರಾವಳಿಯ ತೋಟಗಳಲ್ಲಿ ತೆಂಗು, ಬಯಲಿನ ಬದುಗಳಲ್ಲಿ ತಾಳೆ, ಕಾಡಂಚಿನಲ್ಲಿ ಬೈನೆ, ಹೀಗೆ ಒಂದಲ್ಲ ಒಂದು ಜಾತಿಯ ಮರವು ಪ್ರತಿಯೊಂದು ಗ್ರಾಮದಲ್ಲಿಯೂ ಉಂಟು. ಈ ಮರಗಳನ್ನು ಹತ್ತಿ ರಸವನ್ನಿಳಿಸಬಲ್ಲ ಮೂರ್ತೆದಾರರು, ಸಂಖ್ಯೆಯಲ್ಲಿ ಕಡಿಮೆಯಾಗುತ್ತಿದ್ದರೂ, ಇನ್ನೂ ಇದ್ದಾರೆ. ಜೋನಿ ಬೆಲ್ಲವನ್ನು ನೀರುದೋಸೆಯೊಡನೆ ಪ್ರೀತಿಯಿಂದ ತಿನ್ನುವ ಜನರಂತೂ ಊರು ತುಂಬ ಇದ್ದಾರೆ. ಇಷ್ಟೆಲ್ಲ ಅನುಕೂಲವಿದ್ದರೂ ಮರದ ರಸದಿಂದ ಬೆಲ್ಲ ಕಾಯಿಸುವ ಮನೆಗಳು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿರುವುದು ಏಕೆಂದು ವಿಚಾರಿಸಿದರೆ, "ಗಿಟ್ಟುವುದಿಲ್ಲ" ಎಂಬ ಒಂದೇ ಉತ್ತರವು ದೊರೆಯುವುದು.

ಗಿಟ್ಟದಿರುವುದಕ್ಕೆ ಮರದ ಮೇಲೆಯೂ ಬೆಲೆಯ ಮೇಲೆಯೂ ದೋಷ ಹೊರಿಸುವುದು ವಾಡಿಕೆಯಾಗಿದೆ. ಹಲವು ವರ್ಷಗಳ ತಿರುಗಾಟದಲ್ಲಿ ಕಂಡುದನ್ನು ತೂಗಿ ನೋಡಿದರೆ, ನಷ್ಟದ ದೊಡ್ಡ ಪಾಲು ಒಲೆಯಲ್ಲಿಯೇ ಉಂಟಾಗುತ್ತಿರುವುದೆಂದು ನನಗೆ ದೃಢವಾಗಿದೆ. ಆದಕಾರಣ ಗ್ರಾಮದ ಮುಖಂಡರಲ್ಲಿಯೂ ಭೂಮಾಲೀಕರಲ್ಲಿಯೂ ನನ್ನ ಅರಿಕೆ ಇಷ್ಟೆ: ರಸ ದೊರೆಯುವ ಪ್ರತಿಯೊಂದು ಗ್ರಾಮದಲ್ಲಿಯೂ ಸೌದೆಯಿಂದ ಉರಿಯುವ ಒಂದು ಒಳ್ಳೆಯ ಒಲೆಯನ್ನು, ಊರಿನ ಕಲ್ಲು ಮಣ್ಣುಗಳಿಂದಲೇ, ಊರಿನ ಮೇಸ್ತ್ರಿಯ ಕೈಯಿಂದಲೇ ಕಟ್ಟಿಸಿರಿ, ಅದನ್ನು ಹಲವು ಮನೆಗಳವರು ಕೂಡಿ ಬಳಸುವಂತೆ ಏರ್ಪಾಡು ಮಾಡಿರಿ.

ಈಗಿನ ಪದ್ಧತಿಯನ್ನು ನೋಡೋಣ. ಅಂಗಳದ ಮೂಲೆಯಲ್ಲಿ ಮೂರು ಕಲ್ಲುಗಳು. ಅವುಗಳ ಮೇಲೆ ಗುಂಡುತಳದ ಬಾಣಲೆ. ಅಡಿಯಲ್ಲಿ ಅರ್ಧ ಹಸಿಯಾದ ಮಡಲು, ಕೊತ್ತಳಿಗೆಗಳು. ಗಾಳಿಯು ನಾಲ್ಕು ಕಡೆಗಳಿಂದಲೂ ನುಗ್ಗಿ ಉರಿಯನ್ನು ಬಾಣಲೆಯ ಪಕ್ಕಕ್ಕೆ ಎಳೆದೊಯ್ಯುವುದು. ಮನೆಯ ಹೆಂಗಸು ಬೆಳಗ್ಗೆ ಕುಳಿತವಳು ಮಧ್ಯಾಹ್ನ ಕಳೆದರೂ ಹೊಗೆಯಲ್ಲಿ ಕಣ್ಣೊರಸುತ್ತ ಸೌಟು ತಿರುಗಿಸುತ್ತಿರುವಳು. ಇಷ್ಟು ಹೊತ್ತು ಕಾದ ರಸವು ಕಪ್ಪಾಗಿ, ಹೊಗೆಯ ವಾಸನೆ ಹಿಡಿದು, ಪೇಟೆಯಲ್ಲಿ ಎರಡನೆಯ ದರ್ಜೆಯ ಬೆಲೆಗೆ ಹೋಗುವುದು. ಸೌದೆಯನ್ನೂ ಆಕೆಯ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ಮಾತ್ರ ಈ ಕಸುಬಿನಲ್ಲಿ ಲಾಭವಿದೆಯೆಂದು ಹೇಳಬಹುದು.

ಲೆಕ್ಕವನ್ನು ಸ್ವಲ್ಪ ವಿವರಿಸುವೆನು. ತಾಜಾ ತೆಂಗಿನ ರಸದಲ್ಲಿ ಸಿಹಿಯ ಅಂಶವು ನೂರಕ್ಕೆ ಸುಮಾರು 15 ಪಾಲು. ಕೆಡದೆ ನಿಲ್ಲುವ ಗಟ್ಟಿ ಪಾಕದಲ್ಲಿ ಅದು ನೂರಕ್ಕೆ 66 ಪಾಲಾದರೂ ಇರಬೇಕು. ಆದ್ದರಿಂದ 100 ಕಿಲೋಗ್ರಾಂ ರಸದಿಂದ ಸುಮಾರು 23 ಕಿಲೋಗ್ರಾಂ ಪಾಕವು ದೊರೆಯುವುದು. ಉಳಿದ 77 ಕಿಲೋಗ್ರಾಂ ನೀರನ್ನು ಆವಿಯಾಗಿಸಬೇಕು. ಒಂದು ಕಿಲೋಗ್ರಾಂ ನೀರನ್ನು ಕುದಿಯುವವರೆಗೆ ಕಾಯಿಸಿ ಆವಿಯಾಗಿಸಲು ಸುಮಾರು 610 ಕಿಲೋಕ್ಯಾಲರಿ ಶಾಖ ಬೇಕು. ಒಣ ಸೌದೆಯ ಒಂದು ಕಿಲೋಗ್ರಾಮಿನಲ್ಲಿ ಸುಮಾರು 3,600 ಕಿಲೋಕ್ಯಾಲರಿ ಇರುವುದು. ಅಂದರೆ ಶಾಖವೆಲ್ಲವೂ ರಸಕ್ಕೆ ಸೇರುವಂತಿದ್ದರೆ 13 ಕಿಲೋಗ್ರಾಂ ಸೌದೆಯೇ ಸಾಕಾಗುತ್ತಿತ್ತು. ಆದರೆ ಬಯಲಿನ ಮೂರು ಕಲ್ಲಿನ ಒಲೆಯಲ್ಲಿ ಶಾಖದ ಹತ್ತರಲ್ಲೊಂದು ಪಾಲು, ಹೆಚ್ಚೆಂದರೆ ಅದಕ್ಕಿಂತ ತುಸು ಮಿಗಿಲು, ಪಾತ್ರೆಗೆ ತಗಲುವುದು. ಹಾಗಾಗಿ 120 ಕಿಲೋಗ್ರಾಮಿನಷ್ಟು ಸೌದೆ ಸುಟ್ಟುಹೋಗುವುದು. ಸರಿಯಾಗಿ ಕಟ್ಟಿದ ಒಲೆಯಲ್ಲಿ ಶಾಖದ ಕಾಲುಭಾಗವು ರಸಕ್ಕೆ ತಗಲಿದರೂ 50 ಕಿಲೋಗ್ರಾಮಿನಲ್ಲಿ ಅದೇ ಕೆಲಸ ಮುಗಿಯುವುದು. ಇನ್ನು ಸೌದೆಯ ತೂಕದಲ್ಲಿ ಅರ್ಧವು ನೀರೇ ಆಗಿದ್ದರೆ ಅದರ ಶಾಖವೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದು. ಹಸಿ ಸೌದೆಯನ್ನು ಉರಿಸುವವನು ರಸದ ನೀರಿನ ಜೊತೆಗೆ ಸೌದೆಯ ನೀರನ್ನೂ ಕಾಯಿಸುತ್ತಿರುವನು.

ಪರದೇಶದ ಒಂದು ನಿದರ್ಶನವು ಇಲ್ಲಿ ಪ್ರಯೋಜನಕ್ಕೆ ಬರುವುದು. ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯದಲ್ಲಿಯೂ ಅಮೆರಿಕದ ವರ್ಮಾಂಟ್ ಸಂಸ್ಥಾನದಲ್ಲಿಯೂ ರೈತರು ಚಳಿಗಾಲದ ಕೊನೆಯಲ್ಲಿ ಮೇಪಲ್ ಎಂಬ ಮರದ ಕಾಂಡಕ್ಕೆ ತೂತು ಕೊರೆದು ರಸವನ್ನು ಸಂಗ್ರಹಿಸುವರು. ಆ ರಸದಲ್ಲಿ ಸಿಹಿಯ ಅಂಶವು ನೂರಕ್ಕೆ ಸುಮಾರು 2 ಪಾಲು ಮಾತ್ರ. ಒಂದು ಲೀಟರು ಪಾಕಕ್ಕೆ ಅವರು ಸುಮಾರು 40 ಲೀಟರು ರಸವನ್ನು ಕಾಯಿಸಬೇಕು. ನಮಗೆ ತೆಂಗಿನ ರಸವಾದರೆ ಐದೂವರೆಯಿಂದ ಆರು ಲೀಟರು ಸಾಕು. ಹೀಗಿದ್ದರೂ ಆ ಪಾಕವು ಲೋಕದ ಎಲ್ಲ ಪೇಟೆಗಳಿಗೂ ಹೋಗುತ್ತಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅವರು ಸರಪಳಿಯಿಂದ ತೂಗಬಿಟ್ಟ ಗುಂಡು ಕಡಾಯಿಗಳನ್ನು ಬಿಟ್ಟು, ಉದ್ದನೆಯ ಒಲೆಯ ಮೇಲೆ ಚಪ್ಪಟೆಯಾದ ಅಗಲ ಕೊಪ್ಪರಿಗೆಯನ್ನಿಟ್ಟು, ಹಿಂದೆ ಹೊಗೆಕೊಳವೆಯನ್ನು ನಿಲ್ಲಿಸಿದುದು ಈ ಏಳಿಗೆಗೆ ಒಂದು ಮುಖ್ಯ ಕಾರಣವು. ಇಂದಿಗೂ ಅಲ್ಲಿನ ಸಣ್ಣ ರೈತರು ಸಿಮೆಂಟಿನ ಇಟ್ಟಿಗೆಗಳಿಂದಲೋ ಹಳೆಯ ಕಬ್ಬಿಣದ ಪೀಪಾಯಿಯಿಂದಲೋ ಇಂಥ ಒಲೆಗಳನ್ನು ಮನೆಯಲ್ಲಿಯೇ ಕಟ್ಟಿಕೊಳ್ಳುವರು.

ಒಲೆಯ ಸುಧಾರಣೆಯು ನಮ್ಮ ರಾಜ್ಯಕ್ಕೂ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗದವರು ರೂಪಿಸಿದ ಅಸ್ತ್ರ ಒಲೆಯು ಕರ್ನಾಟಕದ ಹಳ್ಳಿಹಳ್ಳಿಗೂ ಹೋಯಿತು. ಜಾಲರಿಯ ಮೇಲೆ ಸೌದೆ, ಅಡಿಯಿಂದ ಗಾಳಿ, ಒಂದೇ ಉರಿಯು ಒಂದರ ಹಿಂದೊಂದು ಪಾತ್ರೆಯನ್ನು ತಾಕಿ ಕೊಳವೆಗೆ ಹೋಗುವ ದಾರಿ, ಇವಿಷ್ಟೇ ಅದರ ತತ್ತ್ವ. ನಾನು ಹೇಳಲಿರುವ ಒಲೆಯೂ ಇದೇ ತತ್ತ್ವದ್ದು.

ನನ್ನದೇ ಒಂದು ತಪ್ಪನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯವು. ಕೆಲವು ವರ್ಷಗಳ ಹಿಂದೆ ಕಾರ್ಕಳದ ಕಡೆಯ ಒಂದು ಮನೆಯಲ್ಲಿ ನನ್ನ ಮಾತಿನ ಮೇಲೆ ಇಂಥ ಒಲೆಯನ್ನು ಕಟ್ಟಿಸಿದರು. ಕೊಪ್ಪರಿಗೆಯ ವಿಷಯದಲ್ಲಿ ನಾನು ಬಹಳ ಎಚ್ಚರ ವಹಿಸಿದೆನು. ಹೊಗೆಕೊಳವೆಯನ್ನು ಮಾತ್ರ ಖರ್ಚು ಉಳಿಯಲೆಂದು ನಾಲ್ಕೇ ಅಡಿಗೆ ನಿಲ್ಲಿಸಿದೆನು. ಬರಿಯ ಮುರಕಲ್ಲಿನ ಒಳಗೋಡೆಗೆ ಲೇಪವನ್ನೂ ಕೊಡಿಸಲಿಲ್ಲ. ಮೊದಲ ದಿನವೇ ಹೊಗೆಯೆಲ್ಲ ಬಾಯಿಯಿಂದ ಹಿಂದಿರುಗಿತು. ವಾರ ಕಳೆಯುವುದರೊಳಗೆ ಕಲ್ಲು ಬಿರುಕುಬಿಟ್ಟಿತು. ಆ ಮನೆಯ ಯಜಮಾನಿತಿಯು, "ಸ್ವಾಮೀ, ಒಲೆಯ ಹೊಗೆ ನಮ್ಮ ಕಣ್ಣಿಗೆ, ಬೆಲ್ಲ ಮಾತ್ರ ನಿಮ್ಮ ಲೆಕ್ಕಕ್ಕೆ" ಎಂದರು. ಆ ಮಾತು ನ್ಯಾಯವಾಗಿತ್ತು. ಕೊಳವೆಯನ್ನು ಎತ್ತರಿಸಿ, ಒಳಗೆ ಇಟ್ಟಿಗೆ ಹಾಸಿ ಮಣ್ಣು ಬಳಿದ ಮೇಲೆಯೇ ಒಲೆಯು ದಾರಿಗೆ ಬಂದಿತು. ಮುಂದಿನ ಅಳತೆಗಳು ಆ ಪಾಠದಿಂದ ತಿದ್ದಿದವುಗಳಾಗಿವೆ.

ದಿನಕ್ಕೆ 100 ಕಿಲೋಗ್ರಾಂ ರಸವನ್ನು ಕಾಯಿಸಲು ನಾಲ್ಕಡಿ ಉದ್ದ, ಎರಡಡಿ ಅಗಲ, ಎಂಟು ಅಂಗುಲ ಎತ್ತರದ ಒಂದು ಚಪ್ಪಟೆ ಕೊಪ್ಪರಿಗೆ ಸಾಕು. ಅದು ಆಹಾರಕ್ಕೆ ಯೋಗ್ಯವಾದ ಸ್ಟೀಲಿನದಾಗಿರತಕ್ಕದ್ದು. ಸತುವಿನ ಲೇಪವುಳ್ಳ ತಗಡನ್ನೂ, ಸೀಸ ಬೆರೆತ ಬೆಸುಗೆಯನ್ನೂ, ಔಷಧ ಅಥವಾ ಎಣ್ಣೆ ತುಂಬಿದ್ದ ಪೀಪಾಯಿಯ ತಗಡನ್ನೂ ರಸಕ್ಕೆ ತಾಕುವೆಡೆಯಲ್ಲಿ ಎಂದಿಗೂ ಉಪಯೋಗಿಸಬಾರದು. ಹರವು ಎಂಟು ಚದರಡಿಯಾದ ಇಂಥ ಕೊಪ್ಪರಿಗೆಯು ಒಳ್ಳೆಯ ಉರಿಯಲ್ಲಿ ಪ್ರತಿ ಚದರಡಿಗೆ ಗಂಟೆಗೆ ಎರಡರಿಂದ ಮೂರು ಲೀಟರು ನೀರನ್ನು ಆವಿಯಾಗಿಸಬಲ್ಲದು. ಹಾಗಾದರೆ ನಾಲ್ಕು ಗಂಟೆಗಳಲ್ಲಿ ದಿನದ ಕೆಲಸವು ಮುಗಿಯುವುದು.

ಒಲೆಯ ಒಳ ಅಗಲವು ಒಂದಡಿ ಹತ್ತು ಅಂಗುಲವಿರಲಿ. ಆಗ ಕೊಪ್ಪರಿಗೆಯ ಅಂಚು ಎರಡು ಪಕ್ಕಗಳಲ್ಲಿಯೂ ಒಂದೊಂದು ಅಂಗುಲ ಗೋಡೆಯ ಮೇಲೆ ಕುಳಿತುಕೊಳ್ಳುವುದು. ಒಳ ಉದ್ದವು ನಾಲ್ಕೂವರೆ ಅಡಿ. ಅದರಲ್ಲಿ ಹಿಂಭಾಗದ ಏಳೆಂಟು ಅಂಗುಲವನ್ನು ಕಲ್ಲುಚಪ್ಪಡಿಯಿಂದ ಮುಚ್ಚಿ, ಹೊಗೆಕೊಳವೆಯನ್ನು ಅಲ್ಲಿ ನಿಲ್ಲಿಸಬೇಕು. ಹೊರಗೋಡೆಗೆ ಮುರಕಲ್ಲು ಉತ್ತಮವು. ಉರಿ ತಾಕುವ ಒಳಮೈಗೆ ಸುಟ್ಟ ಇಟ್ಟಿಗೆಯನ್ನು ಹಾಸಿ, ಜೇಡಿಮಣ್ಣು, ಭತ್ತದ ಉಮಿ, ಸೆಗಣಿಗಳನ್ನು ಚೆನ್ನಾಗಿ ಕಲಸಿ ಬಳಿಯಬೇಕು. ಮುಂಭಾಗದ ಒಂದೂವರೆ ಅಡಿಯಷ್ಟು ಸ್ಥಳವೇ ಉರಿಗೂಡು. ಅಲ್ಲಿ ಕೊಪ್ಪರಿಗೆಯ ತಳದಿಂದ ಒಂದಡಿ ಕೆಳಗೆ ಕಬ್ಬಿಣದ ಸರಳುಗಳ ಜಾಲರಿಯನ್ನೂ, ಅದರಡಿಯಲ್ಲಿ ಒಂಬತ್ತು ಅಂಗುಲ ಆಳದ ಬೂದಿಗುಂಡಿಯನ್ನೂ ಮಾಡಿಸಬೇಕು. ಸೌದೆ ಹಾಕುವ ಬಾಯಿಗೆ ಕಬ್ಬಿಣದ ಬಾಗಿಲಿರಬೇಕು. ಗಾಳಿಯು ಬೂದಿಗುಂಡಿಯ ಬಾಯಿಯಿಂದ ಮಾತ್ರ ಒಳಹೊಗಬೇಕು.

ಉರಿಗೂಡಿನ ಹಿಂದೆ ಒಲೆಯ ನೆಲವನ್ನು ಮಣ್ಣು ತುಂಬಿ ಇಳಿಜಾರಾಗಿ ಮೇಲಕ್ಕೇರಿಸಿ, ಕೊಪ್ಪರಿಗೆಯ ತಳಕ್ಕೂ ನೆಲಕ್ಕೂ ನಡುವೆ ಮೂರು ಅಂಗುಲ ಮಾತ್ರ ಉಳಿಯುವಂತೆ ಮಾಡತಕ್ಕದ್ದು. ಇಡೀ ಒಲೆಯ ಗುಟ್ಟು ಇಲ್ಲಿಯೇ ಇರುವುದು. ಉರಿಯು ಈ ಇಕ್ಕಟ್ಟಿನ ದಾರಿಯಲ್ಲಿ ಕೊಪ್ಪರಿಗೆಯ ತಳವನ್ನು ನೆಕ್ಕುತ್ತ ಸಾಗಿದರೆ ಮಾತ್ರ ಶಾಖವು ರಸಕ್ಕೆ ಸೇರುವುದು. ದಾರಿಯು ಆಳವಾಗಿದ್ದರೆ ಬಿಸಿಗಾಳಿಯು ಪಾತ್ರೆಯನ್ನು ಮುಟ್ಟದೆಯೇ ಕೊಳವೆಗೆ ಓಡಿಹೋಗುವುದು. ಹೊಗೆಕೊಳವೆಯ ವ್ಯಾಸವು ಆರು ಅಂಗುಲ, ಎತ್ತರವು ಹತ್ತಡಿಗೆ ಕಡಿಮೆಯಿಲ್ಲದಂತಿರಬೇಕು. ಒಲೆಯ ಮೇಲೆ ಹಂಚಿನ ಅಥವಾ ತಗಡಿನ ಮಾಡು ಅಗತ್ಯವು. ಮಡಲಿನ ಮಾಡಿನ ಕೆಳಗೆ ಈ ಒಲೆಯನ್ನು ಹೂಡಲೇಬಾರದು. ಅದೇ ಮಾಡಿನ ಒಂದು ಪಕ್ಕದಲ್ಲಿ ಸೌದೆಯನ್ನು ಮಳೆಗಾಲಕ್ಕೆ ಮೊದಲೇ ಒಟ್ಟಿಕೊಳ್ಳಬೇಕು. ನಮ್ಮ ಮಳೆಯಲ್ಲಿ ಹೊರಗಿಟ್ಟ ಸೌದೆಯು ಸೌದೆಯಾಗಿ ಉಳಿಯುವುದಿಲ್ಲವೆಂಬುದನ್ನು ತಮಗೆ ಹೇಳಬೇಕಾಗಿಲ್ಲ.

ಒಲೆಯಷ್ಟೇ ಮುಖ್ಯವಾದುದು ರಸದ ತಾಜಾತನವು. ಇಳಿಸಿದ ರಸವು ಬಿಸಿಲೇರುತ್ತಲೇ ಹುಳಿಯತೊಡಗುವುದು. ಹುಳಿತ ರಸದಿಂದ ಗಟ್ಟಿ ಬೆಲ್ಲವು ಕಟ್ಟದು, ಪಾಕದ ರುಚಿಯೂ ಕೆಡುವುದು. ಮಡಕೆಯ ಒಳಗೆ ಸುಣ್ಣ ಬಳಿಯುವುದು ನಮ್ಮ ಹಿರಿಯರ ಉಪಾಯ. ಸುಣ್ಣವು ಅತಿಯಾದರೆ ಪಾಕವು ಕಪ್ಪಾಗುವುದರಿಂದ, ರಸವನ್ನು ತಿಳಿಯಾಗಲು ಬಿಟ್ಟು ಬಟ್ಟೆಯಲ್ಲಿ ಸೋಸಿ ಕಾಯಿಸಬೇಕು. ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಸುಣ್ಣವಿಲ್ಲದೆಯೇ ತೆಂಗಿನ ರಸವನ್ನು ಸಂಗ್ರಹಿಸುವ ಕ್ರಮವನ್ನು ರೂಪಿಸಿ, ಅದಕ್ಕೆ ಕಲ್ಪರಸವೆಂದು ಹೆಸರಿಟ್ಟಿರುವರು. ಯಾವ ಕ್ರಮವಾದರೂ ಸರಿಯೆ, ಬೆಳಗಿನ ರಸವು ಬೆಳಗ್ಗೆಯೇ ಒಲೆಯನ್ನೇರಬೇಕು.

ಕೊಪ್ಪರಿಗೆಯಲ್ಲಿ ರಸವು ಒಂದೂವರೆಯಿಂದ ಎರಡು ಅಂಗುಲ ಆಳವಿದ್ದರೆ ಬೇಗನೆ ಆರುವುದು. ಆರಿದಷ್ಟನ್ನು ಬಿಸಿರಸದಿಂದಲೇ ತುಂಬುತ್ತಿರಬೇಕು. ಇದಕ್ಕಾಗಿ ಹೊಗೆಕೊಳವೆಯ ಬುಡದ ಚಪ್ಪಡಿಯ ಮೇಲೆ ಒಂದು ಪಾತ್ರೆಯನ್ನಿಟ್ಟರೆ ಅಲ್ಲಿಯ ಶಾಖವೂ ವ್ಯರ್ಥವಾಗದು. ನೊರೆಯುಕ್ಕಿದರೆ ಒಂದು ಹನಿ ತೆಂಗಿನೆಣ್ಣೆ ಸಾಕು. ರಸವೆಲ್ಲ ಮುಗಿದು ಆಳವು ಒಂದು ಅಂಗುಲಕ್ಕೆ ಇಳಿಯುತ್ತಲೇ ಉರಿಯನ್ನು ಹಿಂದೆಳೆದು, ಪಾಕವನ್ನು ಸಣ್ಣ ಪಾತ್ರೆಗೆ ವರ್ಗಾಯಿಸಿ ಮಂದವಾದ ಬೆಂಕಿಯಲ್ಲಿ ಮುಗಿಸಬೇಕು. ಈ ಘಟ್ಟದಲ್ಲಿ ಆತುರಪಟ್ಟು ಸೀದು ಹೋದರೆ ಇಡೀ ದಿನದ ಶ್ರಮವು ಹಾಳು. ಉಷ್ಣಮಾಪಕವು 104 ಡಿಗ್ರಿ ಸೆಂಟಿಗ್ರೇಡನ್ನು ತೋರಿಸಿದಾಗ ಪಾಕವು ಸಿದ್ಧವಾಯಿತೆಂದು ತಿಳಿಯತಕ್ಕದ್ದು. ಅಚ್ಚಿಗೆ ಹೊಯ್ಯುವ ಗಟ್ಟಿ ಬೆಲ್ಲವಾದರೆ 116ರಿಂದ 118 ಡಿಗ್ರಿಯವರೆಗೆ ಏರಿಸಬೇಕು. ಪಾಕವನ್ನು ಬಿಸಿಯಿರುವಾಗಲೇ ಸೋಸಿ, ತೊಳೆದು ಒಣಗಿಸಿದ ಗಾಜಿನ ಸೀಸೆಗಳಲ್ಲಿ ತುಂಬಿ ಮುಚ್ಚಬೇಕು. ನೀರಾಗಿದ್ದರೆ ಬೂಷ್ಟು ಹಿಡಿಯುವುದು. ಮಿತಿಮೀರಿ ಗಟ್ಟಿಯಾದರೆ ತಳದಲ್ಲಿ ಹರಳುಗಟ್ಟುವುದು.

ಈ ಸಲಹೆಗೆ ಬರುವ ಆಕ್ಷೇಪಣೆಗಳನ್ನು ನಾನು ಬಲ್ಲೆನು. ರಸವಿಳಿಸಿದ ಹೊಂಬಾಳೆಯಲ್ಲಿ ಕಾಯಿಯಾಗದು ಎಂಬುದು ಮೊದಲನೆಯದು. ಇದು ನಿಜವೇ. ಆದ್ದರಿಂದ ತೋಟದ ಎಲ್ಲ ಮರಗಳನ್ನೂ ಒಮ್ಮೆಗೇ ಇಳುವರಿಗೆ ಬಿಡಬಾರದು. ಕೆಲವನ್ನು ಮಾತ್ರ ಆರಿಸಿ, ಸರದಿಯ ಮೇಲೆ ವಿಶ್ರಾಂತಿ ಕೊಡಬೇಕು. ಒಂದು ತೆಂಗಿನ ಮರವು ದಿನಕ್ಕೆ ಸುಮಾರು ಒಂದೂವರೆಯಿಂದ ಮೂರು ಲೀಟರು ರಸವನ್ನು ಕೊಡುವುದರಿಂದ, ಮೇಲೆ ಹೇಳಿದ ಒಲೆಗೆ ನಲವತ್ತು ಐವತ್ತು ಮರಗಳು ಸಾಕು. ನಾಲ್ಕೈದು ತೋಟದವರು ಹತ್ತು ಹತ್ತು ಮರಗಳನ್ನು ಬಿಟ್ಟರೆ ಯಾರ ಕಾಯಿಗೂ ದೊಡ್ಡ ಕೊರತೆಯಿಲ್ಲ.

ಎರಡನೆಯದು, ಇದು ಯಂತ್ರಗಳ ಕಾಲವಲ್ಲವೇ, ಒಲೆಯೇಕೆ ಎಂಬ ಪ್ರಶ್ನೆ. ಕಡಿಮೆ ಒತ್ತಡದಲ್ಲಿ ರಸವನ್ನು ಆರಿಸುವ ಯಂತ್ರಗಳು ಉತ್ತಮವಾದ ಪಾಕವನ್ನು ಕೊಡುವುವು. ಅದನ್ನು ನಾನು ಅಲ್ಲಗಳೆಯೆನು. ಆದರೆ ದಿನವೂ ಸಾವಿರಾರು ಲೀಟರು ರಸವು ಬರುವಲ್ಲಿ ಮಾತ್ರ ಅವು ತಮ್ಮ ಬೆಲೆಯನ್ನು ತೀರಿಸಬಲ್ಲವು. ಸಾಲ ಮಾಡಿ ತಂದ ಯಂತ್ರವು ರಸವಿಲ್ಲದೆ ಮೂಲೆ ಸೇರಿದುದನ್ನು ಕಂಡು ನೊಂದಿರುವೆನು. ಮೊದಲು ಒಲೆಯಿಂದ ಕಸುಬು ನಿಲ್ಲಲಿ. ಯಂತ್ರವು ಆಮೇಲೆ ಬರಲಿ.

ಮೂರನೆಯದು ಕಾನೂನಿನ ಭಯ. ರಸವನ್ನಿಳಿಸುವುದಕ್ಕೆ 1965ರ ಕರ್ನಾಟಕ ಅಬಕಾರಿ ಕಾಯಿದೆಯಡಿ ಪರವಾನಗಿ ಬೇಕಾಗುವುದರಿಂದ, ಅಬಕಾರಿ ಕಚೇರಿಯಲ್ಲಿ ವಿಚಾರಿಸಿ ಪತ್ರಗಳನ್ನು ಸರಿಮಾಡಿಕೊಂಡ ಹೊರತು ಒಂದು ಮಡಕೆಯನ್ನೂ ಕಟ್ಟಿಸಬೇಡಿರಿ. ಮಾರಾಟಕ್ಕೆ 2006ರ ಆಹಾರ ಸುರಕ್ಷತಾ ಕಾಯಿದೆಯಡಿ ನೋಂದಣಿಯೂ ಬೇಕು. ಬಡ ಮೂರ್ತೆದಾರನು ಒಬ್ಬನೇ ಈ ಕಚೇರಿಗಳನ್ನು ಸುತ್ತಲಾರನು. ಊರ ಮುಖಂಡರ ಮಾತಿಗೂ ಸಹಿಗೂ ಬೆಲೆಯಿರುವುದು ಇಂಥ ಸಂದರ್ಭದಲ್ಲಿಯೇ ಅಲ್ಲವೇ?

ಪೇಟೆಯ ವಿಷಯದಲ್ಲಿ ನನಗೆ ಚಿಂತೆಯಿಲ್ಲ. ಮಣಿಪಾಲದಲ್ಲಿ ನಾನಾ ದೇಶಗಳ ವಿದ್ಯಾರ್ಥಿಗಳಿದ್ದಾರೆ. ಉಡುಪಿಗೆ ಯಾತ್ರಿಕರು ವರ್ಷವಿಡೀ ಬರುತ್ತಾರೆ. ದೂರದೇಶದ ಮೇಪಲ್ ಪಾಕದ ಸೀಸೆಯನ್ನು ಹೆಚ್ಚಿನ ಹಣ ಕೊಟ್ಟು ಕೊಳ್ಳುವವರು, ಪಕ್ಕದ ಗ್ರಾಮದ ಶುದ್ಧವಾದ ಜೋನಿಯನ್ನು ಕೊಳ್ಳದಿರಲು ಕಾರಣವಿಲ್ಲ. ಆದರೆ ಒಂದು ಎಚ್ಚರಿಕೆ. ಮರದ ಬೆಲ್ಲಕ್ಕೆ ಸಕ್ಕರೆಯನ್ನು ಬೆರೆಸಿ ತೂಕ ಹೆಚ್ಚಿಸುವ ಚಾಳಿ ಅಲ್ಲಲ್ಲಿ ಉಂಟು. ಒಂದು ಮನೆಯವರು ಹೀಗೆ ಮಾಡಿದರೆ ಇಡೀ ಗ್ರಾಮದ ಹೆಸರು ಕೆಡುವುದು. ಕೂಡು ಒಲೆಯಲ್ಲಿ ನಾಲ್ಕು ಜನರ ಕಣ್ಣೆದುರಿಗೆ ಪಾಕವಾಗುವುದರಿಂದ ಈ ಮೋಸಕ್ಕೂ ಎಡೆ ಕಡಿಮೆ.

ಕೊನೆಯದಾಗಿ ಪಾಲಿನ ಮಾತು. 1948ರಲ್ಲಿ ಮದರಾಸು ಪ್ರಾಂತ್ಯದಲ್ಲೆಲ್ಲ ಪಾನನಿಷೇಧವು ಜಾರಿಗೆ ಬಂದಿತು. ನಮ್ಮ ಜಿಲ್ಲೆಯೂ ಆಗ ಆ ಪ್ರಾಂತ್ಯಕ್ಕೇ ಸೇರಿತ್ತು. ಕಳ್ಳಿಳಿಸುವ ಕಸುಬು ತಪ್ಪಿದ ಮೂರ್ತೆದಾರರಿಗೆ ಬೆಲ್ಲ ಕಾಯಿಸುವ ಕೆಲಸವನ್ನು ಆಗ ಸೂಚಿಸಲಾಯಿತು. ಸೂಚನೆಯು ಒಳ್ಳೆಯದೇ; ಆದರೆ ಮರವು ಒಬ್ಬನದು, ಸೌದೆಯು ಇನ್ನೊಬ್ಬನದು, ಏರುವವನು ಮತ್ತೊಬ್ಬನಾಗಿರುವಾಗ ಬರಿಯ ಸೂಚನೆಯಿಂದ ಕಸುಬು ನಿಲ್ಲುವುದಿಲ್ಲ. ಭೂಮಾಲೀಕರು ಮರಗಳನ್ನೂ, ಒಲೆಗೆ ನಾಲ್ಕು ಕೋಲು ಸ್ಥಳವನ್ನೂ, ತೋಟದಲ್ಲಿ ಉದುರಿ ಕೊಳೆಯುವ ಮಡಲು, ಕೊತ್ತಳಿಗೆ, ಸಿಪ್ಪೆಗಳನ್ನೂ ಕೊಡಲಿ. ಮೂರ್ತೆದಾರನು ರಸವನ್ನು ಕೊಡಲಿ. ಕಾಯಿಸುವ ಹೆಂಗಸಿನ ಕೂಲಿಯು ಮೊದಲು ತೆಗೆದಿಡಲ್ಪಡಲಿ. ಉಳಿದುದನ್ನು ಮೊದಲೇ ಕಾಗದದ ಮೇಲೆ ಬರೆದುಕೊಂಡ ಪ್ರಮಾಣದಲ್ಲಿ ಹಂಚಿಕೊಳ್ಳಲಿ. ಬರೆಯದ ಪಾಲಿನಿಂದ ಎಷ್ಟು ಒಳ್ಳೆಯ ಕೆಲಸಗಳು ಮುರಿದುಬಿದ್ದುವೆಂಬುದನ್ನು ಪಂಚಾಯತಿ ನಡೆಸಿದ ತಾವು ನನಗಿಂತ ಚೆನ್ನಾಗಿ ಬಲ್ಲಿರಿ.

ಮರವೇರುವ ವಿದ್ಯೆಯು ಪುಸ್ತಕದಿಂದ ಬರುವಂಥದಲ್ಲ. ಇಂದು ಏರಬಲ್ಲವರಲ್ಲಿ ಹೆಚ್ಚಿನವರು ವಯಸ್ಸಾದವರು. ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದಿರುವರು. ಈ ತಲೆಮಾರು ಕಳೆದ ಮೇಲೆ ಮರಗಳು ನಿಂತಿದ್ದರೂ ರಸವನ್ನಿಳಿಸುವ ಕೈಗಳು ಇಲ್ಲದೆ ಹೋಗುವುವು. ಆಮೇಲೆ ಎಂಥ ಒಲೆಯನ್ನು ಕಟ್ಟಿಯೂ ಫಲವಿಲ್ಲ. ಆದುದರಿಂದ ಬರುವ ಮಳೆಗಾಲ ಮುಗಿದು ನೆಲವು ಆರುತ್ತಲೇ, ಪ್ರತಿಯೊಂದು ಗ್ರಾಮದಲ್ಲಿ ಒಂದಾದರೂ ಒಲೆಯನ್ನು ಹೂಡಿಸಬೇಕೆಂದು ಪ್ರಾರ್ಥಿಸುವೆನು. ಕಟ್ಟುವ ದಿನ ತಿಳಿಸಿದರೆ ಅಳತೆಗೋಲನ್ನು ಹಿಡಿದು ನಾನೇ ಬರುವೆನು. ಈ ಸಲ ಹೊಗೆಕೊಳವೆಯನ್ನು ಕುಳ್ಳಾಗಿಸುವುದಿಲ್ಲ.